ಬಾಗಿಲ ಹಿಂದಿನ ಸೀಮೆಎಣ್ಣೆ

ಮದರಾಸಿನ ಕಡೆ ಚಂಡಮಾರುತ ಎದ್ದಿದೆ, ಒಳನಾಡಿಗೂ ಬಿರುಗಾಳಿ ಬೀಸಬಹುದು ಎಂದು ರೇಡಿಯೋದಲ್ಲಿ ಹೇಳಿದ್ದೇ ತಡ, ಹಳೇಬೀಡಿನ ಅಕ್ಕಿ ವ್ಯಾಪಾರಿ ಬ್ರಹ್ಮದೇವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅದು ಎಪ್ಪತ್ತೇಳನೇ ಇಸವಿ, ದೀಪಾವಳಿ ಹೊತ್ತು. ಹೆಂಚು ಹಾರದಂತೆ ಮೇಲೆ ಕಲ್ಲು ಹೇರಿಸಿದ, ಕಿಟಕಿಗೆ ಗೋಣಿತಾಟು ಬಡಿಸಿದ. ಅಲ್ಲಿಯವರೆಗೆ ಹೆಂಡತಿ ಪದ್ಮಲತಾಗೂ ಒಪ್ಪಿಗೆಯೇ. ಅವಳೂ ಸೌದೆ ಒಳಗೆ ಹಾಕಿಸಿ, ಅವಲಕ್ಕಿ, ಹುರಿಗಡಲೆ ಎತ್ತಿಟ್ಟಿದ್ದಳು.

ಆಮೇಲೆ ಗಾಡಿಯಲ್ಲಿ ಸೀಮೆಎಣ್ಣೆ ಟಿನ್ನುಗಳು ಬಂದವು. ನ್ಯಾಯಬೆಲೆ ಅಂಗಡಿಯವನನ್ನು ಹಿಡಿದು, ಬೀದಿಗೆಲ್ಲ ಹಂಚಬೇಕಾದ್ದನ್ನು ಹಿತ್ತಲ ಬಾಗಿಲಿಂದ ಎತ್ತಿಸಿಕೊಂಡು ಬಂದಿದ್ದ.

"ಹೊತ್ತು ಮುಳುಗೋ ಮುಂಚೆ ಉಂಡು ಮಲಗೋ ಮನೆ ನಮ್ದು. ಇಷ್ಟು ಯಾಕ್ರೀ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಟಿನ್ನುಗಳನ್ನು ಅಡುಗೆಮನೆಯಲ್ಲಿ, ಅಕ್ಕಿ ಮೂಟೆಯ ಪಕ್ಕದಲ್ಲೇ ಪೇರಿಸಿದ. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಘಾಟು. ಕುಡಿಯುವ ನೀರಿಗೂ ಅದೇ ವಾಸನೆ.

ಸಂಜೆ ಗಾಳಿ ಎದ್ದಾಗ ಪಕ್ಕದ ಮನೆಯ ಶಾಂತಾದೇವಿ ಬಾಟಲಿ ಹಿಡಿದು ಬಂದಳು. ಮಗ ತೆಂಗಿನಕಾಯಿ ಮಾರಲು ಅರಸೀಕೆರೆಗೆ ಹೋದವನು ಅಲ್ಲೇ ಸಿಕ್ಕಿಕೊಂಡಿದ್ದ. ಮನೆಯಲ್ಲಿ ಸೊಸೆ ದ್ರಾಕ್ಷಾಯಣಿ ಹಸೀ ಬಾಣಂತಿ.

"ಸೌದೆ ನೆನೆದು ಹತ್ತುತಾನೇ ಇಲ್ಲ ಕಣಪ್ಪ. ಒಂದು ಬಾಟಲಿ ಸೀಮೆಎಣ್ಣೆ ಇದ್ರೆ ಕೊಡು. ಮಗೀಗೆ ನೀರು ಕಾಯಿಸ್ಬೇಕು."

ಬ್ರಹ್ಮದೇವ ಬಾಗಿಲಿಗೆ ಅಡ್ಡ ನಿಂತ. "ಅಯ್ಯೋ ಶಾಂತಕ್ಕ, ನಮ್ಮನೇಲೂ ಒಂದು ತೊಟ್ಟಿಲ್ಲ."

ಹಾಗನ್ನುವಾಗ ಅವನ ಪಂಚೆಯೇ ಸೀಮೆಎಣ್ಣೆ ನಾರುತ್ತಿತ್ತು. ಶಾಂತಾದೇವಿ ಮೂಗಿಗೆ ಸೆರಗು ಒತ್ತಿಕೊಂಡು ಅವನ ಮುಖವನ್ನೇ ನೋಡಿದಳು. ಅವನು ಹಲ್ಲು ಕಿರಿದ. ಒಳಗೆ ನಿಂತಿದ್ದ ಪದ್ಮಲತಾಗೆ ಹದಿನಾರು ವರ್ಷ ಈ ಮನುಷ್ಯನ ಪಕ್ಕದಲ್ಲಿ ಮಲಗಿದ್ದೆನಲ್ಲ ಎಂದು ಮೈಯೆಲ್ಲ ಮುದುರಿತು.

ಅವಳು ಒಂದು ಟಿನ್ನನ್ನು ಸೊಂಟಕ್ಕೆ ಏರಿಸಿಕೊಂಡು, ಗಂಡನನ್ನು ಮೊಣಕೈಯಿಂದ ಸರಿಸಿ, ಮಳೆಯಲ್ಲೇ ಪಕ್ಕದ ಮನೆಗೆ ನಡೆದಳು.

"ಲೇ ಪದ್ಮಾ, ಹುಚ್ಚು ಹಿಡೀತೇನೇ?"

ಗಾಳಿ ನಿಲ್ಲುವವರೆಗೂ ಅವಳು ಅಲ್ಲೇ ಇದ್ದಳು. ಮಗುವಿಗೆ ಎರೆದಳು, ಬಾಣಂತಿಗೆ ಬಿಸಿನೀರು ಕಾಯಿಸಿಕೊಟ್ಟಳು.

ಎರಡನೇ ದಿನ ಬ್ರಹ್ಮದೇವ ಗೋಣಿಕೊಪ್ಪೆ ಹಾಕಿಕೊಂಡು ಬಂದ. ಟಿನ್ನು ಸೋರಿ ಅಕ್ಕಿಯೆಲ್ಲ ಹಾಳಾಗಿತ್ತಂತೆ. ಶಾಂತಾದೇವಿ ಏನೂ ಕೇಳದೆ ತಟ್ಟೆಗೆ ರೊಟ್ಟಿ ಹಾಕಿದಳು. ಅವನು ಲೊಚಗುಟ್ಟುತ್ತ ತಿಂದು, ತಟ್ಟೆ ಮುಂದೆ ಚಾಚಿ, "ಇನ್ನೊಂದು ಹಾಕಿ ಅಕ್ಕ" ಅಂದ. ಪದ್ಮಲತಾ ಗೋಡೆಯ ಕಡೆ ತಿರುಗಿದಳು.

"ಮನೆಗೆ ಬಾರೇ."

"ಆ ಟಿನ್ನುಗಳನ್ನ ಬೀದಿಯವರಿಗೆ ಹಂಚಿ. ಆಮೇಲೆ ನೋಡೋಣ."

ಮಳೆ ನಿಂತು ಹೊಳವಾದಾಗ ಅವನು ಜಗಲಿ ಮೇಲೆ ಟಿನ್ನು ಇಟ್ಟುಕೊಂಡು ಕೂತ. ಬೀದಿಯವರು ಬಾಟಲಿ, ಚೊಂಬು ಹಿಡಿದು ಬಂದರು. ಒಬ್ಬೊಬ್ಬರಿಗೂ ಅಳೆದು ಹೊಯ್ಯುತ್ತ ಅವನು ಹೇಳುತ್ತಿದ್ದ: "ಇಂಥ ಕಷ್ಟಕಾಲಕ್ಕೆ ಬೇಕಾಗುತ್ತೆ ಅಂತ ನಿಮಗೋಸ್ಕರಾನೇ ತಂದಿಟ್ಟಿದ್ದೆ ಕಣ್ರಪ್ಪ."

ಮುದುಕ ಮರುಳಪ್ಪ ಕೈ ಮುಗಿದ. ಬ್ರಹ್ಮದೇವನ ಕಣ್ಣಲ್ಲಿ ನೀರೂ ಬಂತು.

ಪಕ್ಕದ ಮನೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಪದ್ಮಲತಾ ಶಾಂತಾದೇವಿಯ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು.