ಮಧ್ಯಾಹ್ನ ಒಂದರ ಪಾಳಿ

ಏಕಾಹ ಭಜನೆ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಮೊದಲು ಅದನ್ನೇ ಹೇಳುತ್ತೇನೆ, ಇಲ್ಲದಿದ್ದರೆ ಆ ಶನಿವಾರ ನನ್ನ ಎದೆ ಹೇಗೆ ಹೊಡೆದುಕೊಂಡಿತು ಎಂಬುದು ನಿಮಗೆ ತಿಳಿಯುವುದಿಲ್ಲ. ಒಂದು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ದೀಪ ಆರಬಾರದು, ತಾಳ ನಿಲ್ಲಬಾರದು, ದೇವರ ಹೆಸರು ಕಡಿಯಬಾರದು. ಎರಡು ಮೂರು ಗಂಟೆಗೊಂದು ತಂಡ ಬರುತ್ತದೆ. ಹೋಗುವವರು ಹಾಡುತ್ತಿರುವಾಗಲೇ ಬರುವವರು ದನಿ ಸೇರಿಸಿ, ತಾಳವನ್ನು ಕೈಯಿಂದ ಕೈಗೆ ತೆಗೆದುಕೊಳ್ಳಬೇಕು. ನೆಲಕ್ಕೆ ಇಡುವಂತಿಲ್ಲ. ನಮ್ಮ ಮನೆಯ ಕಟ್ಟು ಇನ್ನೂ ಬಿಗಿ: ಉಸಿರು ತೆಗೆದುಕೊಳ್ಳಲು ತಾಳದ ನಾಲ್ಕು ಪೆಟ್ಟು ಬಿಡಬಹುದು, ಐದನೆಯ ಪೆಟ್ಟಿಗೆ ಹೆಸರು ಬರಲೇಬೇಕು. ಬರಲಿಲ್ಲವೋ, ಭಜನೆ ಕಡಿಯಿತು.

ನನ್ನದು ಹನ್ನೆರಡು ವರ್ಷದ ಹರಕೆ. ನನ್ನ ಗಂಡ ಭುಜಂಗ ಅವರಿಗೆ ಎದೆಯ ಆಪರೇಶನ್ ಆದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿಕೊಂಡದ್ದು. ಆಗ ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು, ಅದೂ ಚಾರ್ಜ್ ಮುಗಿದು ಸತ್ತು ಬಿದ್ದಿತ್ತು. ಮಾಡಲು ಏನೂ ಇಲ್ಲದೆ ಸುಮ್ಮನೆ ಕೂತಿದ್ದೆ. ಯಾವ ಹೊತ್ತಿನಲ್ಲೋ ‘ನಾನಿದ್ದೇನೆ’ ಎಂದು ಯಾರೋ ಹೇಳಿದ ಹಾಗಾಯಿತು. ಕಿವಿಗಲ್ಲ, ಒಳಗೆ. ಅವರು ಬದುಕಿ ಬಂದರು. ಅಂದಿನಿಂದ ಮರಾಠಿ ಸೀಮೆಯ ಈ ಬಿಬವೇವಾಡಿಯಲ್ಲಿ ನಮ್ಮ ಹೋಟೆಲಿನ ಮೂರನೆಯ ಮಹಡಿಯ ಹಾಲಿನಲ್ಲಿ ವರ್ಷಕ್ಕೊಂದು ಏಕಾಹ. ಹನ್ನೊಂದು ವರ್ಷ ಕಡಿಯದೆ ನಡೆಯಿತು. ಈ ಸಲದ್ದು ಹನ್ನೆರಡನೆಯದು, ಕೊನೆಯದು. ಕಡಿದರೆ ಹರಕೆ ಪುನಃ ಒಂದರಿಂದ ಶುರು. ಅದು ಹೋಗಲಿ, ಕಡಿದರೆ ಕೆಳಗೆ ಕೌಂಟರಿನಲ್ಲಿ ಕೂತ ಮನುಷ್ಯನಿಗೆ ಏನಾದರೂ ಆದೀತೇ ಎಂಬ ಹೆದರಿಕೆ ನನಗೆ. ಬುದ್ಧಿಯಿಲ್ಲದ ಹೆದರಿಕೆ ಎನ್ನಿ. ಆದರೆ ಇತ್ತು.

ಆ ದನಿ ಮತ್ತೆ ಒಮ್ಮೆಯೂ ಕೇಳಲಿಲ್ಲ. ಕೇಳಲು ನನಗೆ ಪುರುಸೊತ್ತಾದರೂ ಎಲ್ಲಿತ್ತು? ಈ ವರ್ಷಗಳಲ್ಲಿ ನಾನು ದೊಡ್ಡ ಜನ ಆಗಿಬಿಟ್ಟಿದ್ದೆ. ಹದಿನೇಳು ವಾಟ್ಸಾಪ್ ಗುಂಪುಗಳ ಅಡ್ಮಿನ್! ಭಜನಾ ಮಂಡಳಿ, ಹೋಟೆಲಿನವರ ಹೆಂಡತಿಯರು, ತವರಿನವರು, ಗಂಡನ ಮನೆಯವರು, ಗಂಡನ ಮನೆಯವರಲ್ಲಿ ಜಗಳ ಆದಮೇಲೆ ಹುಟ್ಟಿದ ಇನ್ನೊಂದು ಗುಂಪು. ಬೆಳಿಗ್ಗೆ ಐದಕ್ಕೆ ಎದ್ದು ಹದಿನೇಳಕ್ಕೂ ದೇವರ ಚಿತ್ರ ಹಾಕದಿದ್ದರೆ ನನಗೆ ಕಾಫಿ ಇಳಿಯುತ್ತಿರಲಿಲ್ಲ. ಮಂಗಳವಾರ ಗಣಪತಿ, ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಂತ. ಎಲ್ಲರೂ ತಿರುಗಿ ಕಳಿಸುತ್ತಾರೆ. ಬಂದದ್ದಕ್ಕೆಲ್ಲ ನಾನು ಜೋಡಿಸಿದ ಕೈಗಳ ಚಿತ್ರ ಒತ್ತುತ್ತೇನೆ. ದಿನಕ್ಕೆ ಐನೂರು ಬಂದರೆ ಐನೂರಕ್ಕೂ. ಯಾರಿಗೂ ಬೇಜಾರಾಗಬಾರದಲ್ಲ.

“ದೇವ್ರಿಗೆ ನಿನ್ನ ಹತ್ರ ಎಂತಾದ್ರೂ ಹೇಳ್ಲಿಕ್ಕುಂಟಾದ್ರೆ ಅವ್ನೂ ಗ್ರೂಪಿಗೆ ಸೇರ್ಬೇಕಷ್ಟೆ ಮಾರಾಯ್ತಿ,” ಎಂದು ಭುಜಂಗ ನಗುತ್ತಿದ್ದರು.

“ಸೇರಿಸುವ ಬಿಡಿ, ಅಡ್ಮಿನ್ ನಾನೇ ಅಲ್ವಾ,” ಎನ್ನುತ್ತಿದ್ದೆ. ಎಂಥ ಜಂಬ ನೋಡಿ.

ಭಜನೆಯ ಪಾಳಿ ಹಂಚುವುದೂ ವಾಟ್ಸಾಪಿನಲ್ಲೇ. ಎಲ್ಲಕ್ಕಿಂತ ಕಷ್ಟದ್ದು ಮಧ್ಯಾಹ್ನ ಒಂದರ ಪಾಳಿ. ನಮ್ಮವರೆಲ್ಲ ಹೋಟೆಲಿನವರು, ಊಟದ ಹೊತ್ತಿನಲ್ಲಿ ಒಬ್ಬರೂ ಗಲ್ಲಾ ಬಿಟ್ಟು ಏಳುವುದಿಲ್ಲ. ಅದಕ್ಕೇ ಈ ಸಲ ಆ ಪಾಳಿಯನ್ನು ಮಗರಪಟ್ಟಾದ ಮಕ್ಕಳಿಗೆ ಕೊಟ್ಟಿದ್ದೆ. ಮೈಸೂರಿನ ಸಿಂಧೂರ ಎಂಬ ಹುಡುಗಿ ಮತ್ತು ಅವಳ ನಾಲ್ವರು ಗೆಳೆಯರು, ಎಲ್ಲರೂ ಐಟಿ ಕೆಲಸದವರು. ಭಾನುವಾರ ನಮ್ಮಲ್ಲಿ ನೀರುದೋಸೆ ತಿನ್ನಲು ಬರುತ್ತಾರೆ, ಸೊಗಸಾಗಿ ಹಾಡುತ್ತಾರೆ.

ಒಂದು ಗಂಟೆಗೆ ಮೊದಲಿನ ತಂಡ ಎದ್ದಿತು. “ಅತ್ತಿಗೆ, ಐದು ನಿಮಿಷ ಹಿಡೀರಿ. ಮಕ್ಕಳು ಬರ್ತಾ ಇರ್ಬಹುದು. ನಮ್ಗೆ ಹೋಟೆಲಿಗೆ ಹೋಗ್ಲಿಕ್ಕುಂಟು,” ಎಂದು ನಾದಿನಿ ತಾಳವನ್ನು ನನ್ನ ಕೈಗೆ ಕೊಟ್ಟಳು. ದಡಬಡನೆ ಎಲ್ಲರೂ ಮೆಟ್ಟಿಲಿಳಿದರು. ನಾನು ಹಾಡುತ್ತ ದೀಪಕ್ಕೆ ಸುತ್ತು ಹಾಕತೊಡಗಿದೆ. ಐದು ನಿಮಿಷವಾಯಿತು. ಹತ್ತಾಯಿತು. ಒಂದೂಕಾಲು ಆಯಿತು. ಮೆಟ್ಟಿಲಿನ ಮೇಲೆ ಒಂದು ಹೆಜ್ಜೆಯ ಸದ್ದೂ ಇಲ್ಲ.

ಬಾಯಲ್ಲಿ ವಿಠಲ, ಮನಸ್ಸಿನಲ್ಲಿ ಸಿಂಧೂರಳ ಪೂರ್ವಜರಿಗೆಲ್ಲ ಸಹಸ್ರನಾಮ. ಬರಲಿ, ಇನ್ನು ನೀರುದೋಸೆ ಕೇಳಲಿ, ನೀರು ಮಾತ್ರ ಕೊಡುತ್ತೇನೆ ಎಂದುಕೊಂಡೆ. ಫೋನು ಕಿಟಕಿಯ ಹತ್ತಿರ ಚಾರ್ಜಿಗೆ ಇತ್ತು, ಗುಂಯ್ ಗುಂಯ್ ಎಂದು ಮೇಜಿನ ಮೇಲೆ ಕುಣಿಯುತ್ತಿತ್ತು. ಹಾಡುತ್ತಲೇ ಅಲ್ಲಿಗೆ ಹೋದೆ, ತಾಳ ತಪ್ಪದಂತೆ ಕಿರುಬೆರಳಿನಿಂದ ಒತ್ತಿದೆ. ಪರದೆಯ ಮೇಲೆ ಹನುಮಂತ. ಅವನ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ಜಾಗ ತುಂಬಿದೆ, ಏನಾದರೂ ಅಳಿಸಿ ಎಂಬ ಸೂಚನೆ. ಇನ್ನೊಮ್ಮೆ ಒತ್ತಿದೆ. ಹನುಮಂತನ ಹಿಂದೆ ಇನ್ನೂ ನಾಲ್ವರು ಹನುಮಂತರು ಬಂದು ನಿಂತರು, ಫೋನು ಕಲ್ಲಾಯಿತು. ಅಯ್ಯೋ ದೇವರೇ! ಎಂದು ಕೂಗಬೇಕೆನಿಸಿತು. ಕೂಗುವ ಹಾಗೂ ಇಲ್ಲ, ವಿಠಲನ ಪೆಟ್ಟು ಬಂದಿತ್ತು.

ಇನ್ನೊಂದು ಉಪಾಯ ಮಾಡಿದೆ. ಮೆಟ್ಟಿಲಿನ ಬಾಯಿಗೆ ನಿಂತು ಅದೇ ರಾಗದಲ್ಲಿ, “ಕೆಳಗಿನವರೇ ಬನ್ನಿರೋ ವಿಠಲಾ, ಬೇಗ ಮೇಲೆ ಬನ್ನಿರೋ ವಿಠಲಾ,” ಎಂದು ಮೂರು ಸಲ ಹಾಡಿದೆ. ಕೆಳಗೆ ಅಡುಗೆಮನೆಯ ದೊಡ್ಡ ಫ್ಯಾನು, ಗ್ರೈಂಡರು, “ದೋನ್ ರೈಸ್ ಪ್ಲೇಟ್!” ಎಂಬ ಕೂಗು. ಯಾರೂ ಬರಲಿಲ್ಲ. ಭುಜಂಗ ಆಮೇಲೆ ಹೇಳಿದರು, ಕೇಳಿಸಿತ್ತಂತೆ. ಹೊಸ ಹಾಡು ಕಲಿತಿದ್ದಾಳೆ, ಚೆನ್ನಾಗುಂಟು ಎಂದುಕೊಂಡರಂತೆ!

ದೀಪದ ಹತ್ತಿರ ಬಂದೆ. ಆಗ ಹೊಳೆಯಿತು. ಹಾಡುಗಳೆಲ್ಲ ಫೋನಿನಲ್ಲಿದ್ದವು. ಇನ್ನೂರಹತ್ತು ಭಜನೆಗಳನ್ನು ಅದರಲ್ಲಿ ತುಂಬಿಸಿಟ್ಟು, ಪುಸ್ತಕವನ್ನು ಯಾರಿಗೋ ಕೊಟ್ಟುಬಿಟ್ಟಿದ್ದೆ. ಬಾಯಿಪಾಠ ಇದ್ದದ್ದು ಏಳು. ಏಳನ್ನೂ ಹಾಡಿದೆ, ಪುನಃ ಹಾಡಿದೆ. ಎರಡು ಗಂಟೆಯ ಹೊತ್ತಿಗೆ ಸಾಲುಗಳು ಒಂದರೊಳಗೊಂದು ಹೊಕ್ಕವು, ಕೃಷ್ಣನ ಬೆಣ್ಣೆಯನ್ನು ಗಣಪತಿ ತಿಂದ. ಸಾಕು ಎಂದು ಎಲ್ಲ ಬಿಟ್ಟು ಬರೀ ಹೆಸರು ಹಿಡಿದೆ. ವಿಠಲ. ನಾಲ್ಕು ಪೆಟ್ಟು. ವಿಠಲ. ನಾಲ್ಕು ಪೆಟ್ಟು.

ಮೊದಮೊದಲು ಆ ನಾಲ್ಕು ಪೆಟ್ಟುಗಳಲ್ಲಿ ನನ್ನ ತಲೆಯೇ ಗುಂಯ್‌ಗುಟ್ಟುತ್ತಿತ್ತು. ಯಾರು ಏನು ಕಳಿಸಿರಬಹುದು, ಸಂಜೆಯ ಪ್ರಸಾದಕ್ಕೆ ತೆಂಗಿನಕಾಯಿ ಬಂತೋ ಇಲ್ಲವೋ, ಸಿಂಧೂರಳಿಗೆ ಏನೆಂದು ಬೈಯಲಿ. ಬೈದು ಬೈದು ಬೈಗುಳವೂ ಮುಗಿಯಿತು. ಕಿಟಕಿಯ ಹತ್ತಿರ ಫೋನು ಕಲ್ಲಾಗಿ ಬಿದ್ದಿತ್ತು, ಅದೂ ಸುಮ್ಮನಿತ್ತು. ಆಮೇಲೆ ಏನಾಯಿತೆಂದರೆ, ನಾನು ಆ ನಾಲ್ಕು ಪೆಟ್ಟುಗಳಿಗಾಗಿ ಕಾಯತೊಡಗಿದೆ. ಒಂದು ಪೆಟ್ಟಿನ ಸದ್ದು ಕರಗಿ, ಇನ್ನೊಂದು ಪೆಟ್ಟು ಬೀಳುವ ಮೊದಲು ಎಷ್ಟು ಜಾಗ ಇತ್ತು ಮಾರಾಯ್ರೆ! ಇಷ್ಟು ವರ್ಷ ಹರಕೆ ಹೊತ್ತವಳು ನಾನು, ಒಂದು ದಿನವೂ ಅದರೊಳಗೆ ಕಾಲಿಟ್ಟಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ನನ್ನ ಕಥೆ.

ಆ ಜಾಗದಲ್ಲಿ ನಿಂತು ನಾನು ಏನನ್ನೂ ಬೇಡಲಿಲ್ಲ. ಯಾರನ್ನಾದರೂ ಕಳಿಸು ಎಂದೂ ಕೇಳಲಿಲ್ಲ. “ಇದ್ದೀಯಾ?” ಎಂದೆ, ಮನಸ್ಸಿನಲ್ಲೇ. ಕೇಳಿ ಸುಮ್ಮನಾದೆ. ಉತ್ತರಕ್ಕೆ ಕಾದೆ. ಹನ್ನೆರಡು ವರ್ಷದಲ್ಲಿ ಅವನಿಗೆ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು, ಮೈಯೆಲ್ಲ ಹಗುರಾಗಿ ಬಂತು, ಹೇಳಲಾರದ ಖುಷಿ. ಪಾಳಿಗೆ ಯಾರೂ ಬಾರದಿದ್ದರೂ ಪರವಾಗಿಲ್ಲ ಎನ್ನಿಸಿತು.

ಅಷ್ಟರಲ್ಲೇ ಗಂಟಲು ಕೈಕೊಟ್ಟಿತು.

ಮೂರಕ್ಕೆ ಇನ್ನೇನು ಎರಡು ನಿಮಿಷ ಇತ್ತು. ಹೆಸರು ಹೇಗೋ ಹೊರಬಂತು, ಅದರ ಬೆನ್ನಿಗೇ ದನಿ ಹೋಯಿತು, ಬಾಯಿ ತೆರೆದರೆ ಬರೀ ಗಾಳಿ. ನೀರಿನ ತಂಬಿಗೆ ಬಾಗಿಲ ಹತ್ತಿರ, ನಾನು ದೀಪದ ಆಚೆ. ತಾಳ ಹೊಡೆಯುತ್ತಲೇ ಇದ್ದೆ. ಒಂದು. ಉಗುಳು ನುಂಗಿದೆ. ಎರಡು. ಕೆಮ್ಮು ಒತ್ತಿ ಬಂತು. ಮೂರು. ಕೌಂಟರಿನಲ್ಲಿ ಕೂತ ಗಂಡನ ಮುಖ ಕಣ್ಣ ಮುಂದೆ ಬಂತು. ಬೇಡ, ಬೇಡ, ದೇವರೇ ಬೇಡ. ನಾಲ್ಕು. ಮುಗಿಯಿತು, ನನ್ನ ಹನ್ನೆರಡು ವರ್ಷ ಮುಗಿಯಿತು ಎಂದು ಕಣ್ಣು ಮುಚ್ಚಿದೆ.

“ವಿಠಲಾ...”

ಐದನೆಯ ಪೆಟ್ಟಿಗೆ ಸರಿಯಾಗಿ! ಗಂಡು ದನಿ, ದಪ್ಪ ದನಿ, ಮೆಟ್ಟಿಲಿನ ಕಡೆಯಿಂದ. ತಾಳ ಬಿದ್ದೇಬಿಡುತ್ತಿತ್ತು, ಗಟ್ಟಿಯಾಗಿ ಹಿಡಿದೆ. ನಾಲ್ಕು ಪೆಟ್ಟಾಗುತ್ತಲೂ ಮತ್ತೆ “ವಿಠಲಾ”, ಈ ಸಲ ಇನ್ನೂ ಹತ್ತಿರ. ಬಾಗಿಲಲ್ಲಿ ಮೊದಲು ಒಂದು ಗೋಣಿಚೀಲ ಕಾಣಿಸಿತು, ಅದರ ಕೆಳಗೆ ಒಬ್ಬ ಮನುಷ್ಯ. ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ಫಕೀರಪ್ಪ, ಗದಗದ ಕಡೆಯವನು. ನಮ್ಮ ಹೋಟೆಲಿಗೆ ತೆಂಗಿನಕಾಯಿ ತಂದು ಹಾಕುವವನು. ಹೆಗಲ ಮೇಲೆ ನೂರು ಕಾಯಿ ಹೊತ್ತು, ಮೂರು ಮಹಡಿ ಹತ್ತುತ್ತ, ಅವನು ನನ್ನ ಬಾಯಿಂದ ಜಾರಿದ ದೇವರ ಹೆಸರನ್ನು ಎತ್ತಿಕೊಂಡಿದ್ದ.

ಚೀಲ ಇಳಿಸಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಹಾಡುತ್ತಲೇ ಎರಡೂ ಕೈ ಚಾಚಿದ. ತಾಳ ಅವನ ಕೈಗೆ ಹೋಯಿತು, ಒಂದು ಪೆಟ್ಟೂ ತಪ್ಪಲಿಲ್ಲ. ನಾನು ತಂಬಿಗೆಯನ್ನು ಎತ್ತಿ ಗಟಗಟ ಕುಡಿದೆ. ಅವನ ಹೊಟ್ಟೆಯಲ್ಲಿ ಎಷ್ಟು ಹಾಡುಗಳಿದ್ದವೋ! ಒಂದು ಮುಗಿಯುವ ಮೊದಲೇ ಇನ್ನೊಂದು, ಕಾಯಿಯ ಚೀಲದಂತೆ ತುಂಬಿಕೊಂಡಿದ್ದ. ನಾನು ಸೊಲ್ಲಿಗೆ ಸೊಲ್ಲು ಸೇರಿಸುತ್ತ ಅವನ ಹಿಂದೆ ದೀಪ ಸುತ್ತಿದೆ, ಸುತ್ತಿದೆನೇನು, ಕುಣಿದೆ! ಐವತ್ತೆಂಟು ವರ್ಷದ ಹೆಂಗಸು, ಮೊಣಕಾಲು ನೋವಿಗೆ ದಿನಾ ಎಣ್ಣೆ ಹಚ್ಚುವವಳು.

ನಾನು ಸೊಲ್ಲು ಹಿಡಿದಿದ್ದಾಗ ಅವನು ಉಸಿರು ತೆಗೆದುಕೊಂಡು, “ಯಾಕ್ರೀ ಯಕ್ಕಾರ, ಇಷ್ಟು ದೊಡ್ಡ ಭಜನಿಗೆ ಒಬ್ರ ಅದೀರಲ್ರೀ!” ಎಂದ. ನಾನು ಅಳುತ್ತಿದ್ದೆ, ನಗುತ್ತಿದ್ದೆ, ಹಾಡುತ್ತಿದ್ದೆ.

ಮೂರೂವರೆಗೆ ಸರಿಯಾಗಿ ಸಿಂಧೂರಳ ತಂಡ ಚಪ್ಪಲಿ ಬಿಟ್ಟು ಒಳಗೆ ಓಡಿಬಂತು. ನಾಲ್ವರು ಹುಡುಗರು ದನಿ ಸೇರಿಸಿ ತಾಳ ತೆಗೆದುಕೊಂಡರು. ಸಿಂಧೂರ ನನ್ನ ಹತ್ತಿರ ಬಂದಳು. “ಆಂಟಿ, ತುಂಬಾ ಥ್ಯಾಂಕ್ಸ್, ಅಡ್ಜಸ್ಟ್ ಮಾಡ್ಕೊಂಡ್ರಲ್ಲ!”

“ಎಂಥ ಥ್ಯಾಂಕ್ಸ್? ಒಂದು ಗಂಟೆಗೆ ಬರ್ಬೇಕಾದವ್ರು ಈಗ ಬರುದಾ?” ಎಂದು ಶುರು ಮಾಡಿದೆ. ಅವಳ ಮುಖ ಪೆಚ್ಚಾಯಿತು.

“ನಿನ್ನೆ ಸಂಜೆನೇ ಮೆಸೇಜ್ ಹಾಕಿದ್ನಲ್ಲ ಆಂಟಿ. ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ, ಒಂದಕ್ಕೆ ಬರಕ್ಕಾಗಲ್ಲ, ಮೂರೂವರೆಗೆ ಬರ್ತೀವಿ, ಓಕೆನಾ ಅಂತ. ನೀವು ಎರಡೇ ಸೆಕೆಂಡಲ್ಲಿ ರಿಪ್ಲೈ ಮಾಡಿದ್ರಿ.” ಫೋನು ತೆಗೆದು ತೋರಿಸಿದಳು. ಅವಳ ನಾಲ್ಕು ಸಾಲಿನ ಕೆಳಗೆ ನನ್ನ ಜೋಡಿಸಿದ ಕೈಗಳು. ಒಂದಲ್ಲ, ಮೂರು ಜೊತೆ.

ಮಾಡಿದ್ದುಣ್ಣೋ ಮಹಾರಾಯ! ಬಾಯಿಗೆ ಬಂದಿದ್ದ ಬೈಗುಳವನ್ನೆಲ್ಲ ನಾನೇ ನುಂಗಿದೆ. “ನಿನ್ನದು ತಪ್ಪಿಲ್ಲ ಮಗಾ. ನಾನು ಓದ್ಲೇ ಇಲ್ಲ,” ಎಂದೆ. ಇಷ್ಟು ಹೇಳುವುದರೊಳಗೆ ನನ್ನ ಕಿವಿ ಬಿಸಿಯಾಗಿತ್ತು.

ಫಕೀರಪ್ಪ ಮೆಟ್ಟಿಲಿಳಿಯುತ್ತಿದ್ದ. ಆಗ ನೆನಪಾಯಿತು. ಅವನಿಗೆ ಬರಲು ಹೇಳಿದ್ದು ಐದು ಗಂಟೆಗೆ. ಓಡಿಹೋಗಿ ನಿಲ್ಲಿಸಿದೆ. “ಫಕೀರಪ್ಪ, ಇಷ್ಟು ಬೇಗ ಯಾಕೆ ಬಂದದ್ದು? ಯಾರಾದ್ರೂ ಫೋನ್ ಮಾಡಿದ್ರಾ?”

“ಫೋನ್ ಎಲ್ಲಿ ಬಂತ್ರೀ? ಲಾರಿ ಇದ್ದಿದ್ದಿಲ್ಲ, ಗಿಡದ ಕೆಳಗ ಸುಮ್ನ ಕುಂತಿದ್ದೆ. ಈಗ ಹೋಗಿ ಬಾ ಅಂತ ಮನಸಿನ್ಯಾಗ ಅನಿಸ್ತು, ಎದ್ದು ಬಂದೆ.” ಅವನು ತಲೆಯ ಟವೆಲ್ಲನ್ನು ಕೊಡವಿದ. “ಭಾಳ ಛಲೋ ಆತ್ರಿ ಯಕ್ಕಾರ. ಎಷ್ಟು ದಿನಾ ಆಗಿತ್ತು ಹಾಡಿ!”

ನಾನು ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟೆ. ಅವನು ಸುಮ್ಮನೆ ಕೂತಿದ್ದ, ಕೇಳಿಸಿತು, ಎದ್ದ. ಅಷ್ಟೇ. ಹದಿನೇಳು ಗುಂಪಿನ ಅಡ್ಮಿನ್ನಿಗೆ ಇದು ತಿಳಿಯಲು ಹನ್ನೆರಡು ವರ್ಷ ಬೇಕಾಯಿತು.

ಮರುದಿನ ಬೆಳಿಗ್ಗೆ ಸೂರ್ಯ ಕಾಣಿಸುವಾಗ ಹಾಲ್ ತುಂಬ ಜನ. ಮಂಗಳಾರತಿ ಆಯಿತು, ಹರಕೆ ತೀರಿತು. ಭುಜಂಗ ಹೊಸ ಪಂಚೆ ಉಟ್ಟು, ಗಟ್ಟಿಮುಟ್ಟಾಗಿ ನಿಂತು ಎಲ್ಲರಿಗೂ ಪಂಚಕಜ್ಜಾಯ ಹಂಚಿದರು. ಎಲ್ಲರೂ ಇಳಿದುಹೋದ ಮೇಲೆ ನನ್ನ ಪಕ್ಕ ಬಂದು ಕೂತರು.

“ಅಂತೂ ಮುಗೀತಲ್ಲ ಮಾರಾಯ್ತಿ. ಬರುವ ವರ್ಷದಿಂದ ನಿನ್ಗೆ ಆರಾಮ.”

“ಬರುವ ವರ್ಷವೂ ಮಾಡುವ,” ಎಂದೆ.

“ಇನ್ನೂ ಯಾರಿಗೋಸ್ಕರ? ನಾನು ಗುಂಡುಕಲ್ಲಿನ ಹಾಗೆ ಇದ್ದೇನಲ್ಲ!”

“ನಿಮಗೋಸ್ಕರ ಅಲ್ಲ, ನನಗೋಸ್ಕರ. ಬೇರೆ ಪಾಳಿ ಯಾರು ಬೇಕಾದ್ರೂ ಮಾಡ್ಲಿ. ಮಧ್ಯಾಹ್ನ ಒಂದರದ್ದು ಮಾತ್ರ ನನಗೆ ಬೇಕು. ಮೇಲೆ ಯಾರೂ ಬರ್ಬಾರ್ದು, ನೀವೂ ಬರ್ಬಾರ್ದು.”