ಎರಡು ಗಂಟೆ ಮೊದಲು ಬಂದ ಅನ್ನ

ಆ ಗಾಜಿನ ಪಾತ್ರೆಯನ್ನು ಅರ್ಲೀಥಾ ತಾನೇ ಕಪಾಟಿನಿಂದ ಇಳಿಸಿ, ಒರೆಸಿ, ಸಾಕ್ಷ್ಯಚಿತ್ರದವರ ಕೈಗೆ ಕೊಟ್ಟಿದ್ದಳು. ತಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ ‘ಗ್ಯಾಡ್ಸನ್’ ಎಂಬ ಅವಳ ಮನೆತನದ ಹೆಸರು ಇನ್ನೂ ಮಾಸಿರಲಿಲ್ಲ. ಅಮೆರಿಕದ ಕೆರೊಲಿನಾದ ಆ ಹಳೇ ಹೊಳೆದಂಡೆಯ ಊರಲ್ಲಿ ಸಾವಿನ ಮನೆಗೆ ಅಡುಗೆ ಒಯ್ಯುವ ಪಾತ್ರೆಗೆ ಎಲ್ಲರೂ ಹಾಗೆ ಹೆಸರು ಅಂಟಿಸುತ್ತಾರೆ. ಇಲ್ಲದಿದ್ದರೆ ಅದು ತಿರುಗಿ ಯಾರ ಮನೆಗೆ ಹೋಗುತ್ತದೋ!

“ನನ್ನ ತಮ್ಮ ಎಂಥೋನು ಅಂದ್ರೆ,” ಎಂದು ಕ್ಯಾಮೆರಾ ಮುಂದೆ ಹೆಮ್ಮೆಯಿಂದ ಹೇಳಿದ್ದಳು, “ಆ ದೊಡ್ಡ ಮನೆಯ ಮಿಸ್ ಲೊರೇನ್ ಕಾಣೆಯಾಗಿ ಮೂರು ದಿನ ಅಲ್ಲಿ ಒಲೆ ಹಚ್ಚಿರ್ಲಿಲ್ಲ. ನಾನು ಕೋಳಿ ಹಾಕಿ ಅನ್ನ ಮಾಡ್ದೆ. ಹೊತ್ಕೊಂಡು ಹೋದೋನು ತರ್ಮನ್. ಊರಲ್ಲಿ ಎಲ್ಲರಿಗಿಂತ ಮೊದಲು ಹೋಗಿದ್ದು ನಮ್ಮನೆ ಅನ್ನ.”

ತರ್ಮನ್ ಆ ಮನೆಯ ಮಾಲಿಯಾಗಿದ್ದ. ಲೊರೇನ್‌ಳನ್ನು ಕೊಂದವನು ಅವನೇ ಎಂದು ತೀರ್ಪಾಗಿ, ಸೆರೆಮನೆ ಸೇರಿ ನಲವತ್ತೊಂದು ವರ್ಷ. ಮುಂದಿನ ತಿಂಗಳು ಅವನ ಬಿಡುಗಡೆಯನ್ನು ತೀರ್ಮಾನಿಸುವ ಮಂಡಳಿ ಕೂರುವುದಿತ್ತು. ಈ ಚಿತ್ರ ನೋಡಿದರೆ ಅವರ ಮನಸ್ಸು ಕರಗುತ್ತದೆಂದು ಅರ್ಲೀಥಾ ನಂಬಿದ್ದಳು.

ಶುಕ್ರವಾರ ಸಂಜೆ ಹಳೇ ಹತ್ತಿ ಗೋದಾಮಿನಲ್ಲಿ ಊರವರಿಗೆ ಚಿತ್ರ ತೋರಿಸಿದರು. ಓಕ್ ಮರಗಳು, ಬಿಳಿ ಕಂಬಗಳ ಮನೆ, ಹೊಳೆ ಎಲ್ಲ ಬಂದುಹೋದ ಮೇಲೆ ಪರದೆಯ ತುಂಬ ಅವಳ ಪಾತ್ರೆ.

“ಶವ ಸಿಕ್ಕಿದ್ದು ಮಧ್ಯಾಹ್ನ ಒಂದಕ್ಕೆ. ಈ ಪಾತ್ರೆ ಬಂದಿದ್ದು ಅಂದೇ ಬೆಳಿಗ್ಗೆ ಹನ್ನೊಂದಕ್ಕೆ,” ಎಂದಿತು ಚಿತ್ರದ ನಿರೂಪಕನ ಗಡಸು ದನಿ. “ಸಾವಿನ ಸುದ್ದಿಯೇ ಬಾರದ ಮನೆಗೆ ಸಾವಿನ ಅಡುಗೆ ತರುವವನು ಯಾರು?”

ಕೋರ್ಟಿನಲ್ಲಿ ಕೂಡ ಯಾರೂ ಈ ಪಾತ್ರೆಯ ಮಾತೆತ್ತಿರಲಿಲ್ಲ.

ಐವತ್ತು ವರ್ಷದಿಂದ ಚರ್ಚಿನಲ್ಲಿ ಅವಳ ಪಕ್ಕದಲ್ಲೇ ಕೂರುವ ವರ್ಡೆಲ್, ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. “ಅಲ್ವೇ, ಹೆಣ ಸಿಗೋಕೆ ಮುಂಚೆ ಯಾಕೆ ಕಳಿಸ್ದೆ? ಅಪಶಕುನ ಅಂತ ನಾವೆಲ್ಲ ಕಾದ್ವಲ್ಲ?”

“ಹಸ್ಕೊಂಡಿರ್ತಾರೆ ಅಂತ ಕಣೇ.”

“ಪಾದ್ರಿ ಪ್ರಾರ್ಥನೆ ಮುಗಿಸಿ ಆಮೆನ್ ಅನ್ನೋಕೆ ಮುಂಚೇನೇ ಎದ್ದು ನಿಲ್ಲೋಳು ನೀನು,” ಎಂದ ವರ್ಡೆಲ್ ಆಮೇಲೆ ಅವಳತ್ತ ನೋಡಲಿಲ್ಲ.

ನಿರ್ದೇಶಕ ಕಾಲ್ಡರ್ ಬಾಗಿಲ ಬಳಿ ಜನರ ಕೈಕುಲುಕುತ್ತಿದ್ದ. ಅರ್ಲೀಥಾ ಅವನ ತೋಳು ಹಿಡಿದಳು. “ಅದೊಂದು ತೆಗೆದುಬಿಡಪ್ಪ. ಬೇಯಿಸಿದ್ದು ನಾನು, ಕಳಿಸಿದ್ದು ನಾನು. ಅವನು ಬರೀ ಹೊತ್ಕೊಂಡು ಹೋಗಿದ್ದು.”

“ಮಿಸ್ ಅರ್ಲೀಥಾ, ನಾವು ಪ್ರಶ್ನೆ ಕೇಳಿದೀವಿ ಅಷ್ಟೇ. ಅಲ್ದೆ ಚಿತ್ರ ಟಿವಿಯವರ ಕೈ ಸೇರಿಬಿಟ್ಟಿದೆ, ಭಾನುವಾರ ದೇಶಕ್ಕೆಲ್ಲ ತೋರಿಸ್ತಾರೆ.” ಅವಳ ಮುಖ ನೋಡಿ ದನಿ ತಗ್ಗಿಸಿದ. “ಪಾತ್ರೆ ಜೋಪಾನವಾಗಿ ವಾಪಸ್ ಕಳಿಸ್ತೀವಿ, ಯೋಚನೆ ಮಾಡ್ಬೇಡಿ.”

ಶನಿವಾರ ಬೆಳಿಗ್ಗೆ ಸೆರೆಮನೆಯಿಂದ ಫೋನ್ ಬಂತು.

“ಅಕ್ಕಾ, ನೋಡಿದ್ಯಾ? ಹೆಂಗಿದೆ?”

“ನಿನ್ನ ಹಳೇ ಫೋಟೋ ಹಾಕಿದಾರೆ. ಚೆನ್ನಾಗಿ ಕಾಣ್ತೀಯ.”

“ಕೋಳಿಯನ್ನದ ವಿಷಯ ಹೇಳಿದ್ಯಾ?”

“ಹೇಳ್ದೆ ಕಣೋ.”

“ನಂಗೊತ್ತಿತ್ತು, ನೀನು ಬಿಡೋಳಲ್ಲ! ನಾಳೆ ಇಲ್ಲಿ ಟಿವಿ ಮುಂದೆ ಎಲ್ರನ್ನೂ ಕೂರಿಸ್ತೀನಿ. ಕಾವಲಿನೋನಿಗೂ ಬಾ ಅಂದಿದೀನಿ, ಅವನೂ ನೋಡ್ಲಿ ನಾನ್ಯಾರು ಅಂತ.”

“ತರ್ಮನ್, ನೀನು ಅದನ್ನ...”

ಮಾತಿಗೆ ಇನ್ನೊಂದೇ ನಿಮಿಷ ಉಳಿದಿದೆಯೆಂದು ನಡುವೆ ಯಂತ್ರದ ಹೆಣ್ಣುದನಿ ಹೇಳಿತು.

“ಅಳ್ತಿದ್ಯಾ? ಅಳೋದ್ಯಾಕೆ, ಮುಂದಿನ ತಿಂಗಳು ನಿನ್ನ ಅಡುಗೆಮನೇಲೇ ಕೂತಿರ್ತೀನಿ. ಅದೇ ಅನ್ನ ಮಾಡು, ಆಯ್ತಾ?”

“ಮಾಡ್ತೀನಪ್ಪ,” ಎಂದಳು ಅರ್ಲೀಥಾ.

ಲೈನು ಕಡಿಯಿತು. ಅವನಿಗೆ ಮತ್ತೆ ಫೋನ್ ಸಿಗುವುದು ಸೋಮವಾರ.