ಗೋಡೆಯ ಬಳಿಯ ಎಣ್ಣೆ

ಬುಲ್ಡೋಜರು ಶೆಡ್ಡಿನ ಹಿಂಭಾಗದಲ್ಲಿ ನಿಂತಿತ್ತು. ಎಣ್ಣೆ ಮಾತ್ರ ಮುಂದಿನ ಗೋಡೆಯ ಬುಡದಲ್ಲಿ ಕಾಣಿಸುತ್ತಿತ್ತು. ನಡುವಿನ ನೆಲ ಒಣಗಿರುತ್ತಿತ್ತು. ನೆಲದ ಇಳಿಜಾರೂ ಹಿಂದಕ್ಕೇ ಇತ್ತು. ನಾನು ಬೆಳಿಗ್ಗೆ ಮರದ ಹೊಟ್ಟು ಚೆಲ್ಲಿ ಗುಡಿಸುತ್ತಿದ್ದೆ. ಮರುದಿನ ಮತ್ತೆ ಅಲ್ಲೇ, ಅಂಗೈಯಗಲ, ಕಪ್ಪಗೆ. ಯಾರಿಗೂ ಹೇಳಲಿಲ್ಲ. ಆ ಗೋಡೆಗೂ ಬುಲ್ಡೋಜರಿನ ಬ್ಲೇಡಿಗೂ ನಡುವೆ ಸಿಕ್ಕಿ ನನ್ನ ಗಂಡ ಸತ್ತಿದ್ದರು.

ಇಂಜಿನ್ ಚಾಲೂ ಮಾಡಿ, ಕೆಳಗಿಳಿದು, ಬ್ಲೇಡ್ ನೋಡಲು ಮುಂದೆ ಹೋಗಿದ್ದರು. ಯಂತ್ರ ಅವರ ಹಿಂದೆಯೇ ಹೋಯಿತು.

“ನ್ಯೂಟ್ರಲ್‌ಗೆ ಹಾಕೋದು ಮರೆತುಬಿಟ್ಟ” ಎಂದರು ಮಾವ. ಮಾತನಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದರು. ಆ ದಿನ ನಾನು ಶೆಡ್ಡಿನ ಬಾಗಿಲಲ್ಲಿದ್ದೆ. ನನ್ನ ಗಂಡ ಲಿವರನ್ನು ನ್ಯೂಟ್ರಲ್‌ಗೆ ಎಳೆದದ್ದನ್ನು ನೋಡಿದ್ದೆ. ಹಾಗೆಂದು ಹೇಳಿಯೂ ಹೇಳಿದೆ. “ನಿನಗೇನು ಗೊತ್ತಾಗುತ್ತಮ್ಮ, ಪಾಪ” ಎಂದರು. ಎಂ.ಎ. ಓದಿದವಳಿಗೆ ಗೇರಿನ ವಿಷಯ ತಿಳಿಯುವುದಿಲ್ಲವೆಂದು ಬೀದಿಯವರೂ ಒಪ್ಪಿದರು. ನಾನು ಮರೆಗುಳಿಯ ಹೆಂಡತಿಯಾದೆ. ಉಳಿದದ್ದೆಲ್ಲವನ್ನೂ ಒಪ್ಪಿಕೊಂಡಿದ್ದೆ. ಅದೊಂದನ್ನು ಒಪ್ಪಿಕೊಳ್ಳಲು ಆಗಲಿಲ್ಲ.

ಕಲ್ಲುಕ್ವಾರಿಯವರು ಬುಲ್ಡೋಜರನ್ನು ಬಾಡಿಗೆಗೆ ಕೇಳಿದ್ದರಿಂದ ಮಾವ ಮೆಕ್ಯಾನಿಕ್ಕನ್ನು ಕರೆಸಿದರು. ಗೇರುಪೆಟ್ಟಿಗೆಯ ಎಣ್ಣೆ ಸೋರುವುದು ನಿಂತರೆ ಸಾಕು, ತಾನೇ ಓಡಿಸುತ್ತೇನೆ ಎಂದಿದ್ದರು. ಆ ಮೆಕ್ಯಾನಿಕ್ಕನನ್ನು ಎಲ್ಲರೂ ಗ್ರೀಸಣ್ಣ ಎನ್ನುತ್ತಾರೆ. ಬಂದವನೇ ಯಂತ್ರವನ್ನೊಮ್ಮೆ, ಗೋಡೆಯ ಬುಡವನ್ನೊಮ್ಮೆ ನೋಡಿದ.

“ಸೋರೋದು ಇಲ್ಲಿ, ಬೀಳೋದು ಅಲ್ಲಿ. ಎಣ್ಣೆಗೇನು ಕಾಲು ಬಂದಿದ್ಯಾ ಯಜಮಾನ್ರೇ?”

ಅವನು ಟಾರ್ಚ್ ಹಿಡಿದು ಯಂತ್ರದಡಿ ನುಸುಳಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು.

“ಗೇರು ಬದಲಿಸೋ ಶಾಫ್ಟ್ ಹೊರಗೆ ಬರೋ ಕಡೆ ಎಣ್ಣೆ ತಡೆಯೋ ಸೀಲ್ ಹೋಗಿದೆ. ಯಾರಾದ್ರೂ ಮೇಲೆ ಹತ್ತಿ ಲಿವರ್ ಆಡಿಸಿ, ನೋಡ್ತೀನಿ.”

ಮಾವ ಬಾಗಿಲ ಚೌಕಟ್ಟನ್ನು ಬಿಡಲಿಲ್ಲ. “ನನ್ನ ಮಂಡಿ...”

“ಕ್ವಾರೀಲಿ ಓಡಿಸೋಕೆ ಮಂಡಿ ಇರುತ್ತೆ, ಇಲ್ಲಿ ಹತ್ತೋಕೆ ಇರಲ್ವಾ?” ಅತ್ತೆ ಅಡುಗೆಮನೆಯ ಕಿಟಕಿಯಿಂದ ಕೂಗಿದರು. ಆ ಕಿಟಕಿ ಶೆಡ್ಡಿಗೆ ಎದುರಾಗಿದೆ. “ಆ ಪಿಶಾಚಿನ ಗುಜರಿಗೆ ಹಾಕಿ ಅಂದ್ರೆ ಕೇಳ್ತೀರಾ ನೀವು?”

ನಾನು ಹತ್ತಿದೆ. ಕಾಲಡಿಯ ತಗಡನ್ನು ಮೊದಲೇ ಬಿಚ್ಚಿಟ್ಟಿದ್ದರು. ಆ ಕಿಂಡಿಯಲ್ಲಿ ಟಾರ್ಚಿನ ಬೆಳಕು ಓಡಾಡುತ್ತಿತ್ತು. ಶೆಡ್ಡು ತಣ್ಣಗಿತ್ತು, ಕಬ್ಬಿಣವೂ ತಣ್ಣಗಿತ್ತು. ಸೀಟು ಬೆಚ್ಚಗಿತ್ತು.

“ಮುಂದಕ್ಕೆ ಹಾಕು ತಾಯಿ.”

ಹಾಕಿದೆ.

“ಹಿಂದಕ್ಕೆ. ಹಾಂ. ಮತ್ತೆ ಮುಂದಕ್ಕೆ. ಈಗ ನ್ಯೂಟ್ರಲ್.”

ಎಳೆದೆ. ಲಿವರ್ ತನ್ನ ಕಚ್ಚಿನಲ್ಲಿ ಕೂತಿತು.

“ನ್ಯೂಟ್ರಲ್ ತಾಯಿ.”

“ಹಾಕಿದ್ದೀನಿ.”

“ಎಲ್ಲಿ ಹಾಕಿದ್ದೀಯ? ಇನ್ನೂ ಮುಂದಕ್ಕೇ ಇದೆಯಲ್ಲ.”

“ನ್ಯೂಟ್ರಲ್‌ನಲ್ಲೇ ಇದೆ ಗ್ರೀಸಣ್ಣ. ಕೈಯೂ ತೆಗೆದಿದ್ದೀನಿ.”

ಕಿಂಡಿಯ ಬೆಳಕು ಒಂದೇ ಕಡೆ ನಿಂತಿತು. ಅವನು ಮತ್ತೆ ಮಾತಾಡಿದಾಗ ದನಿಯಲ್ಲಿ ತಮಾಷೆ ಇರಲಿಲ್ಲ.

“ಇಳಿದು ಬಾ ತಾಯಿ. ಯಜಮಾನ್ರೇ, ನೀವೂ ಬನ್ನಿ.”

ಲಿವರನ್ನೂ ಶಾಫ್ಟನ್ನೂ ಒಂದು ಸರಳು ಸೇರಿಸುತ್ತದೆ. ಸೇರುವ ಕಡೆ ಉಕ್ಕಿನ ಪಿನ್ ಇರಬೇಕಾಗಿತ್ತು. ಅವನು ಅಲ್ಲಿಂದ ಎಳೆದು ತೆಗೆದದ್ದು ಒಂದು ಮೊಳೆ. ಅರ್ಧಕ್ಕರ್ಧ ಸವೆದಿತ್ತು. ತೂತೂ ಸವೆದು ಉದ್ದವಾಗಿತ್ತು. ಮೇಲೆ ಲಿವರ್ ನ್ಯೂಟ್ರಲ್‌ಗೆ ಬಂದರೂ ಒಳಗಿನ ಗೇರು ಮುಂದಕ್ಕೇ ಉಳಿಯುತ್ತಿತ್ತು.

“ಎಣ್ಣೆ ಕಡಿಮೆ ಇದ್ರೆ ಗೇರು ತಕ್ಷಣ ಹಿಡಿಯಲ್ಲ. ಇಂಜಿನ್ ಒಂಚೂರು ಓಡಿದ ಮೇಲೆ ಹಿಡಿಯುತ್ತೆ. ಬ್ರೇಕು ಬೇರೆ ಹೆಸರಿಗಷ್ಟೇ. ಅಷ್ಟರಲ್ಲಿ ಮನುಷ್ಯ ಇಳಿದು...” ಗ್ರೀಸಣ್ಣ ನನ್ನ ಮುಖ ನೋಡಿ ನಿಲ್ಲಿಸಿದ. ಮೊಳೆಯನ್ನು ಅಂಗೈಯಲ್ಲಿ ತಿರುಗಿಸಿದ. “ಯಾವ ಪುಣ್ಯಾತ್ಮನ ಕೆಲಸ ಇದು?”

ಮೊಳೆಯ ತುದಿಯನ್ನು ಎರಡು ಸುತ್ತು ಮಡಚಿದ್ದರು. ನಮ್ಮ ಮನೆಯಲ್ಲಿ ಬಚ್ಚಲ ಚಿಲಕಕ್ಕೆ, ಬಕೆಟ್ಟಿನ ಹಿಡಿಗೆ, ಕಪಾಟಿನ ಬಾಗಿಲಿಗೆ ಅಂಥದೇ ಮೊಳೆಗಳಿವೆ, ಅದೇ ಎರಡು ಸುತ್ತು. ನನ್ನ ಗಂಡನಿಗೆ ಹಾಗೆ ಮಡಚಲು ಬರುತ್ತಿರಲಿಲ್ಲ.

ಮಾವ ಮೊಳೆಯನ್ನು ನೋಡಿದರು. ನನ್ನನ್ನು ನೋಡಲಿಲ್ಲ.

“ಹೊಸ ಪಿನ್ ಹಾಕು” ಎಂದರು.

ಗ್ರೀಸಣ್ಣ ಹಳೆಯ ಸೀಲ್ ಕಿತ್ತು, ಹೊಸದನ್ನು ಮೆಲ್ಲಗೆ ಬಡಿದು ಕೂರಿಸಿದ. ಸರಳಿಗೆ ಬೇರೆ ತುದಿ ಬೆಸೆದು ಪಿನ್ ಹಾಕಿದ. ಎಣ್ಣೆ ತುಂಬಿದ. ಆ ಹೊತ್ತೆಲ್ಲ ಮಾವ ಅಲ್ಲೇ ನಿಂತಿದ್ದರು. ಏನಾದರೂ ಹೇಳುತ್ತಾರೆಂದು ಕಾದೆ. “ಸಂಜೆಯೊಳಗೆ ಮುಗಿಯುತ್ತಾ?” ಎಂದಷ್ಟೇ ಕೇಳಿದರು.

ಕೊನೆಗೆ ಗ್ರೀಸಣ್ಣ ನನ್ನನ್ನು ಮತ್ತೆ ಸೀಟಿನಲ್ಲಿ ಕೂರಿಸಿ ಇಂಜಿನ್ ಚಾಲೂ ಮಾಡಿದ. “ನಾನು ಪಕ್ಕದಲ್ಲಿ ಬಗ್ಗಿ ಸೀಲ್ ನೋಡ್ತಿರ್ತೀನಿ. ಲಿವರ್ ಮುಟ್ಬೇಡ. ಏನಾದ್ರೂ ಆದ್ರೆ ಈ ಗುಬುಟಿನ ಹಿಡಿ ಎಳಿ, ಇಂಜಿನ್ ಆರುತ್ತೆ. ಮುಂದೆ ಯಾರೂ ನಿಲ್ಬಾರ್ದು, ಆಯ್ತಾ?”

ಅವನು ಕೆಳಗೆ ಬಗ್ಗಿದ ಮೇಲೆ ಮಾವ ನಡೆದು ಹೋಗಿ ಬ್ಲೇಡಿನ ಮುಂದೆ ನಿಂತರು. ಗೋಡೆಗೆ ಬೆನ್ನು ಕೊಟ್ಟು ನಿಂತರು. ಇಂಜಿನ್ನಿನ ಮೇಲಿಂದ ನನಗೆ ಅವರ ತಲೆ, ಭುಜ ಕಾಣುತ್ತಿದ್ದವು. ಅವರು ಆಗ ನನ್ನನ್ನು ನೋಡಿದರು.

ನಾನು ಏನು ಯೋಚಿಸಿದೆನೆಂದು ನನಗೆ ತಿಳಿಯದು. ಕೈ ಲಿವರಿನ ಮೇಲಿತ್ತು. ಮುಂದಕ್ಕೆ ತಳ್ಳಿದೆ.

ಅದು ಅಲುಗಲಿಲ್ಲ.

ಇನ್ನೊಮ್ಮೆ, ಮೈಭಾರ ಬಿಟ್ಟು ತಳ್ಳಿದೆ. ನನ್ನ ಬೆರಳುಗಳ ಮೇಲೆ ಅಂಗೈಯಗಲ ಏನೋ ಕೂತಿತ್ತು. ಕಾಣುವುದಕ್ಕೆ ಏನೂ ಇರಲಿಲ್ಲ. ಹೆಬ್ಬೆರಳಿನ ಕಡೆ ಒತ್ತು ಸ್ವಲ್ಪ ಹೆಚ್ಚಿತ್ತು. ನೋಯಿಸುವಂತಿರಲಿಲ್ಲ. ಬಿಡುವಂತೆಯೂ ಇರಲಿಲ್ಲ.

ಮಾವ ನನ್ನ ತೋಳು ಬಿಗಿದದ್ದನ್ನು ನೋಡಿದರು. ಪಕ್ಕಕ್ಕೆ ಸರಿಯಲಿಲ್ಲ. ಕಿಟಕಿಯ ಕಡೆಗೆ ಮುಖ ತಿರುಗಿಸಿ ಬಾಯಿ ತೆರೆದರು. ಇಂಜಿನ್ನಿನ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ಅವರ ಕುತ್ತಿಗೆಯ ನರ ಉಬ್ಬಿತ್ತು. ಅತ್ತೆ ಕಿಟಕಿಯ ಸರಳುಗಳನ್ನು ಹಿಡಿದುಕೊಂಡರು.

ಎಡಗೈಯಿಂದ ಗುಬುಟು ಎಳೆದೆ. ಇಂಜಿನ್ ಕೆಮ್ಮಿ ಆರಿತು.

“...ಹಾಕಿದ್ದ ಕಣೇ! ಅವನು ನ್ಯೂಟ್ರಲ್‌ಗೆ ಹಾಕಿದ್ದ! ಮೊಳೆ ನಂದು!”

ನನ್ನ ಬೆರಳುಗಳ ಮೇಲಿನ ಭಾರ ಎದ್ದುಹೋಯಿತು.

“ಒಂದು ತೊಟ್ಟೂ ಇಲ್ಲ” ಎನ್ನುತ್ತಾ ಗ್ರೀಸಣ್ಣ ಮೇಲೆದ್ದ. ಮಾವನನ್ನು ಕಂಡು ಬೈಯಲು ಹೊರಟವನು ಅವರ ಮುಖ ನೋಡಿ ನನ್ನ ಕಡೆ ತಿರುಗಿದ. ಚಕ್ರಗಳ ಮೇಲಿನ ಉಕ್ಕಿನ ಪಟ್ಟಿಯ ಮೇಲೆ ಕಾಲಿಟ್ಟು ಹತ್ತಿ, ಒಂದೇ ಬೆರಳಿನಿಂದ ಲಿವರನ್ನು ಹಿಂದೆ ಮುಂದೆ ಮಾಡಿ ನೋಡಿದ. “ಬೆಣ್ಣೆ ಥರ ಓಡಾಡ್ತಿದೆ. ನೀನ್ಯಾಕೆ ಹಿಂಗೆ ಬೆವರಿದ್ದೀಯ ತಾಯಿ?”

ಅತ್ತೆ ಅಷ್ಟರಲ್ಲಿ ಶೆಡ್ಡಿಗೆ ಬಂದಿದ್ದರು. ಮಗ ಸತ್ತ ದಿನದಿಂದ ಅವರು ಅಲ್ಲಿ ಕಾಲಿಟ್ಟಿರಲಿಲ್ಲ.

“ನನಗೊಬ್ಬಳಿಗೆ ಹೇಳಿದ್ರೆ ಆಯ್ತಾ?” ಎಂದರು ಗಂಡನಿಗೆ. “ಬೀದಿಗೆಲ್ಲ ಸಾರಿಕೊಂಡು ಬಂದ್ರಲ್ಲ, ಮಗ ಮರೆತ ಅಂತ. ಬನ್ನಿ. ಬೀದೀಲಿ ನಿಂತು ಹೇಳಿ.”

ಮಾವ ಹೋದರು. ಗ್ರೀಸಣ್ಣ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬತೊಡಗಿದ. ಹೊರಗೆ ಮಾವನ ದನಿ ಕೇಳಿಸುತ್ತಿತ್ತು, ಯಾರೋ ಬಾಗಿಲು ತೆರೆದ ಸದ್ದೂ ಕೇಳಿಸಿತು. ನಾನು ಲಿವರಿನ ಮೇಲೆ ಕೈಯನ್ನು ಹಾಗೇ ಇಟ್ಟುಕೊಂಡು ಕೂತಿದ್ದೆ. ಆ ಭಾರ ಮತ್ತೆ ಬರಲಿಲ್ಲ.